ಒಂದೇ ಅತ್ತರು, ಇಬ್ಬರ ಮೈಯಲ್ಲಿ ಬೇರೆ ಪರಿಮಳ

ಪ್ರಶ್ನೆ: ನನಗೆ 27 ವರ್ಷ. ತವರು ಜಗಳೂರು ಕಡೆ, ಕೊಟ್ಟಿರುವುದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ. ಅಡಿಕೆ ತೋಟದ ಮನೆ. ಕೊಯ್ಲು ಶುರುವಾಯಿತೆಂದರೆ ಸುಲಿಯುವುದು, ಬೇಯಿಸುವುದು, ಒಣಹಾಕುವುದು, ಇದರಲ್ಲೇ ದಿನ ಮುಗಿಯುತ್ತದೆ. ಚಿಕ್ಕಂದಿನಿಂದಲೂ ನನಗೆ ಅತ್ತರೆಂದರೆ ಆಸೆ. ಹೋದ ವರ್ಷ ನ್ಯಾಮತಿಯಲ್ಲಿರುವ ಅಕ್ಕನ ಮನೆಗೆ ಹೋದಾಗ ಜಾತ್ರೆಯಲ್ಲಿ ಮಲ್ಲಿಗೆ ಅತ್ತರಿನ ಎರಡು ಸೀಸೆ ಕೊಂಡೆ. ಒಂದನ್ನು ದಾವಣಗೆರೆಯಲ್ಲಿ ಓದುತ್ತಿರುವ ನಾದಿನಿಗೆ ಕೊಟ್ಟೆ. ಅವಳು ಹಚ್ಚಿಕೊಂಡರೆ ಸಂಜೆಯವರೆಗೂ ಘಮಘಮ ಅನ್ನುತ್ತದೆ. ನಾನು ಹಚ್ಚಿಕೊಂಡರೆ ಗಂಟೆಯೊಳಗೆ ಹುಳಿ ಹುಳಿ ವಾಸನೆ. ತವರಿನಲ್ಲಿದ್ದಾಗ ಹೀಗಾಗುತ್ತಿರಲಿಲ್ಲ. ಆಮೇಲೆ ಇನ್ನೂ ನಾಲ್ಕೈದು ಬಗೆ ತಂದು ನೋಡಿದೆ. "ಅತ್ತಿಗೆ, ನಿಮ್ಮ ಮೈಗೆ ಅತ್ತರು ಒಗ್ಗಲ್ಲ ಬಿಡಿ" ಎಂದು ನಾದಿನಿ ನಗುತ್ತಾಳೆ. "ಚೊಗರಿನ ಕೈಗೆ ಅತ್ತರು ಯಾಕೆ, ಇದೆಲ್ಲ ನಮ್ಮ ಮನೆತನದ ರೂಢಿಯಲ್ಲ" ಎಂದು ಅತ್ತೆ ಅನ್ನುತ್ತಾರೆ. ನಮ್ಮ ಮನೆಯವರು ಏನೂ ಹೇಳುವುದಿಲ್ಲ, ಸುಮ್ಮನೆ ಕಿಟಕಿ ತೆಗೆಯುತ್ತಾರೆ. ಬರುವ ತಿಂಗಳು ಹೊನ್ನಾಳಿಯಲ್ಲಿ ಗೆಳತಿಯ ಮದುವೆ. ನನ್ನ ಮೈಯಲ್ಲೇ ಏನಾದರೂ ದೋಷವಿದೆಯೇ?
— ಹೆಸರು ಬೇಡ, ಚನ್ನಗಿರಿ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಮೈಯಲ್ಲಿ ದೋಷವಿಲ್ಲ. ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊಂಡು ಮುಂದಿನದನ್ನು ಓದಿ. ನಿಮ್ಮದೂ ನಾದಿನಿಯದೂ ಸೀಸೆ ಒಂದೇ, ದಿನ ಮಾತ್ರ ಬೇರೆ ಬೇರೆ. ಅವಳು ಬೆಳಿಗ್ಗೆ ಹಚ್ಚಿಕೊಂಡು ಹೋಗಿ ತರಗತಿಯ ನೆರಳಿನಲ್ಲಿ ಕೂರುತ್ತಾಳೆ. ನೀವು ಅದೇ ಹೊತ್ತಿಗೆ ಅಡಿಕೆ ಬೇಯುವ ಹಂಡೆಯ ಮುಂದೆ ಹಬೆಯಲ್ಲಿ ನಿಂತಿರುತ್ತೀರಿ, ಇಲ್ಲವೇ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿರುತ್ತೀರಿ. ಎರಡು ಮೈಗಳನ್ನು ಹೋಲಿಸುವ ಮುಂಚೆ ಎರಡು ದಿನಗಳನ್ನು ಹೋಲಿಸಿ ನೋಡಬೇಕಿತ್ತು. ನಿಮ್ಮ ಮನೆಯಲ್ಲಿ ಯಾರೂ ಹಾಗೆ ನೋಡಿಲ್ಲ.

ಆಗಷ್ಟೇ ಬಂದ ಬೆವರಿಗೆ ಹೆಚ್ಚೇನೂ ವಾಸನೆ ಇರುವುದಿಲ್ಲ. ಚರ್ಮದ ಮೇಲೆ ಎಲ್ಲರಿಗೂ ಇರುವ ಸೂಕ್ಷ್ಮಾಣುಗಳು ಆ ಬೆವರನ್ನು ಒಡೆಯತೊಡಗಿದ ಮೇಲೆ ಹುಳಿ ವಾಸನೆ ಹುಟ್ಟುತ್ತದೆ. ಜಗಳೂರಿನದು ಒಣ ಹವೆ. ಅಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಚನ್ನಗಿರಿಯ ತೋಟಗಳ ತೇವದಲ್ಲಿ, ಅದರಲ್ಲೂ ಒಲೆಯ ಪಕ್ಕದಲ್ಲಿ, ಅದು ಮೈಮೇಲೇ ನಿಲ್ಲುತ್ತದೆ. ಜೊತೆಗೆ ಕಾವು. ಮೈ ಬಿಸಿಯಾದಷ್ಟೂ ಅತ್ತರಿನ ಹಗುರವಾದ ಭಾಗ ಬೇಗ ಹಾರಿಹೋಗುತ್ತದೆ. ನಾದಿನಿಯ ಮೈಯಲ್ಲಿ ದಿನವಿಡೀ ನಿಧಾನವಾಗಿ ಬಿಡುವ ಪರಿಮಳ ನಿಮ್ಮಲ್ಲಿ ಮೊದಲ ಗಂಟೆಯಲ್ಲೇ ಖರ್ಚಾಗುತ್ತದೆ. ಆಮೇಲೆ ಉಳಿಯುವುದು ಬೆವರು ಮತ್ತು ಅತ್ತರಿನ ತಳದ ಎಣ್ಣೆ. ತವರಿನಲ್ಲಿ ಹೀಗಾಗುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಮೈ ಅದೇ, ಬದಲಾದದ್ದು ಹವೆ ಮತ್ತು ಕೆಲಸ.

ಇನ್ನು ಚರ್ಮದ ವಿಷಯ. ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಆದ್ದರಿಂದ ಅದು ಸ್ಪ್ರೇ ಸೆಂಟಿನಂತೆ ಒಮ್ಮೆಲೇ ಕೋಣೆ ತುಂಬುವುದಿಲ್ಲ. ಮೈಗೆ ಅಂಟಿಕೊಂಡು, ಮೈಯ ಜಿಡ್ಡಿನೊಡನೆ ಬೆರೆತು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಒಣ ಚರ್ಮದ ಮೇಲೆ ಬೇಗ ಮಾಯವಾಗುತ್ತದೆ, ಜಿಡ್ಡಿನ ಚರ್ಮದ ಮೇಲೆ ಹೆಚ್ಚು ಹೊತ್ತು ಇರುತ್ತದೆ. ಇದಕ್ಕೆ ನಮ್ಮ ಕಡೆಯ ಒಳ್ಳೆಯ ಉದಾಹರಣೆ ದವನ. ಹೂಮಾಲೆಯಲ್ಲಿ ಮಲ್ಲಿಗೆಯ ನಡುವೆ ಕಟ್ಟುವ, ದವನದ ಹುಣ್ಣಿಮೆಗೆ ದೇವರಿಗೆ ಏರಿಸುವ ಅದೇ ಬೂದು-ಹಸಿರು ಸೊಪ್ಪು. ಅದರ ಎಣ್ಣೆ ಕರ್ನಾಟಕದಿಂದಲೂ ಆಂಧ್ರ, ತಮಿಳುನಾಡಿನಿಂದಲೂ ಹೊರದೇಶಗಳ ಸುಗಂಧ ಕಂಪನಿಗಳಿಗೆ ಹೋಗುತ್ತದೆ. ಒಬ್ಬೊಬ್ಬರ ಮೈಯಲ್ಲಿ ಅದು ಒಂದೊಂದು ಪರಿಮಳವಾಗಿ ಅರಳುತ್ತದೆ ಎಂಬುದು ಸುಗಂಧ ತಯಾರಿಸುವವರಲ್ಲಿ ಹೆಸರಾದ ಮಾತು. ನನ್ನ ಕೈಮೇಲೆ ಅದು ಮಾಗಿದ ಹಣ್ಣಿನ ಸಿಹಿಗೆ ತಿರುಗುತ್ತದೆ. ನನ್ನ ತಂಗಿಯ ಕೈಮೇಲೆ ಕೊನೆಯವರೆಗೂ ಸೊಪ್ಪಿನ ಕಹಿಯನ್ನೇ ಉಳಿಸಿಕೊಳ್ಳುತ್ತದೆ. ಇಬ್ಬರಲ್ಲಿ ಯಾರ ಮೈಯೂ ಕೆಟ್ಟಿಲ್ಲ.

ಈಗ ಆ ಸೀಸೆಯೊಳಗೆ ಏನಿದೆ ಎಂಬುದನ್ನೂ ನೋಡೋಣ. ಮಲ್ಲಿಗೆ ಸೂಕ್ಷ್ಮವಾದ ಹೂವು. ಕಿತ್ತ ಮೇಲೂ ಗಂಟೆಗಟ್ಟಲೆ ಪರಿಮಳ ಬಿಡುತ್ತಲೇ ಇರುತ್ತದೆ. ಆದರೆ ಕುದಿಯುವ ನೀರಿನ ಕಾವಿಗೆ ಆ ಪರಿಮಳ ಕೆಡುತ್ತದೆ. ಹಾಗಾಗಿ ಅದರ ಸತ್ವವನ್ನು ಹೆಚ್ಚಾಗಿ ದ್ರಾವಕಗಳಲ್ಲಿ ಕರಗಿಸಿ ತೆಗೆಯುತ್ತಾರೆ. ಅದು ದುಬಾರಿ ಕೆಲಸ. ಹೂವಿನ ಎಣ್ಣೆಯ ಬೆಲೆ ಹೇಗೆ ಏರುತ್ತದೆ ಎಂಬುದಕ್ಕೆ ಗುಲಾಬಿಯನ್ನು ನೋಡಿ: ಒಂದು ಕೆ.ಜಿ. ಎಣ್ಣೆಗೆ ಸುಮಾರು ಮೂರು-ನಾಲ್ಕು ಸಾವಿರ ಕೆ.ಜಿ. ಹೂವು ಬೇಕು. ಜಾತ್ರೆಯಲ್ಲಿ ಐವತ್ತು-ನೂರು ರೂಪಾಯಿಗೆ ಸಿಗುವ ಮಲ್ಲಿಗೆ ಅತ್ತರಿನಲ್ಲಿ ಇರುವುದು ಪ್ರಯೋಗಾಲಯದಲ್ಲಿ ಕೂಡಿಸಿದ ಮಲ್ಲಿಗೆಯ ವಾಸನೆ ಮತ್ತು ಅದನ್ನು ಹೊರುವ ಅಗ್ಗದ ಎಣ್ಣೆ. ಅದು ಪಾಪವೂ ಅಲ್ಲ, ವಿಷವೂ ಅಲ್ಲ. ಆದರೆ ಅಂಥವು ಮೊದಲ ಹತ್ತು ನಿಮಿಷ ಜೋರಾಗಿ ಮಾತಾಡಿ ಆಮೇಲೆ ಕೈಬಿಡುವುದೇ ಹೆಚ್ಚು. ನೆರಳಲ್ಲಿ ಕೂತವರಿಗೆ ಇದು ಗೊತ್ತಾಗುವುದು ತಡ, ಒಲೆಯ ಮುಂದೆ ನಿಂತವರಿಗೆ ಬೇಗ ಗೊತ್ತಾಗುತ್ತದೆ.

ಸಾಂಪ್ರದಾಯಿಕ ಅತ್ತರಿನ ಊರು ಉತ್ತರ ಪ್ರದೇಶದ ಕನೌಜ್. ಅಲ್ಲಿ ಹೂವು ಮತ್ತು ನೀರನ್ನು 'ದೇಗ್' ಎಂಬ ತಾಮ್ರದ ಹಂಡೆಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಸೌದೆ ಒಲೆಯ ಮೇಲೆ ಕಾಯಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹರಿದು 'ಭಪ್ಕಾ' ಎಂಬ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ನೀರಿನ ತೊಟ್ಟಿಯಲ್ಲಿ ತಣ್ಣಗಿರುವ ಆ ಪಾತ್ರೆಯೊಳಗೆ ಗಂಧದೆಣ್ಣೆ ಇರುತ್ತದೆ. ಹೂವಿನ ಪರಿಮಳವನ್ನು ಹಿಡಿದಿಡುವುದು ಅದೇ. ಗಂಧದೆಣ್ಣೆಯ ಮುಖ್ಯ ಅಂಶವಾದ ಸಾಂಟಲಾಲ್ ಬಹಳ ನಿಧಾನವಾಗಿ ಆವಿಯಾಗುವುದರಿಂದ ಅದರೊಳಗೆ ಕೂತ ಹೂವೂ ನಿಧಾನವಾಗಿಯೇ ಹೊರಡುತ್ತದೆ. ಇಂದು ಗಂಧದೆಣ್ಣೆ ಕೆ.ಜಿ.ಗೆ ಲಕ್ಷ ರೂಪಾಯಿಯನ್ನೂ ಮೀರಿರುವುದರಿಂದ ಬಹಳ ಕಡೆ ಅದರ ಜಾಗಕ್ಕೆ ಬೇರೆ ಎಣ್ಣೆಗಳು ಬಂದಿವೆ. ಕೊಳ್ಳುವಾಗ "ಯಾವ ಹೂವು?" ಎಂದು ಕೇಳಿದರೆ ಸಾಲದು. "ತಳಕ್ಕೆ ಯಾವ ಎಣ್ಣೆ ಹಾಕಿದ್ದೀರಿ?" ಎಂದೂ ಕೇಳಿ. ನೇರವಾಗಿ ಉತ್ತರ ಕೊಡುವ ಅಂಗಡಿಯವರನ್ನು ನಂಬಬಹುದು.

ನಾನು ಹಚ್ಚಿಕೊಂಡು ಕಂಡದ್ದನ್ನು ಹೇಳುತ್ತೇನೆ, ನಿಮಗೆ ದಾರಿ ಸಿಗಬಹುದು. ಗಂಧದೆಣ್ಣೆ ಮೊದಲು ಏನೂ ಇಲ್ಲವೆನ್ನುವಷ್ಟು ಸಪ್ಪೆ. ಕಾಲು ಗಂಟೆ ಕಳೆದ ಮೇಲೆ ಮೆತ್ತಗೆ, ಹಾಲು ಕಾಯಿಸಿದಾಗಿನ ಸಿಹಿಯೊಂದಿಗೆ ಬರುತ್ತದೆ. ಬೆವರಿದರೂ ಕೆಡುವುದಿಲ್ಲ, ಸಂಜೆ ಮೊಣಕೈ ಮಡಿಕೆಯಲ್ಲಿ ಮೂಗಿಟ್ಟರೆ ಇನ್ನೂ ಇರುತ್ತದೆ. ಲಾವಂಚದ ಅತ್ತರು ಮೊದಲು ಹಸಿ ಬೇರಿನ ಒಗರು, ಸ್ವಲ್ಪ ಕಟು. ಅರ್ಧ ಗಂಟೆಯಲ್ಲಿ ಆ ಒಗರು ತಣಿದು ನೆನೆದ ಚಾಪೆಯ ತಂಪು ಉಳಿಯುತ್ತದೆ. ಬೇಸಿಗೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬೇಯಿಸಿದ ಜೇಡಿಮಣ್ಣಿನಿಂದ ಇಳಿಸುವ ಮಿಟ್ಟಿ ಅತ್ತರು ಮುಂಗಾರಿನ ಮೊದಲ ಹನಿಯ ವಾಸನೆಯೇ. ಆದರೆ ಅದು ಹಚ್ಚಿಕೊಂಡವರಿಗೆ ಮಾತ್ರ ಗೊತ್ತಾಗುವಷ್ಟು ಮೆಲ್ಲಗಿರುತ್ತದೆ. ಮಸಾಲೆ, ಗಿಡಮೂಲಿಕೆ ಕೂಡಿದ ಹಿನಾ ಭಾರ. ಚಳಿಗಾಲದ ಶಾಲಿಗೆ ತಾಗಿಸಿದರೆ ಮರುದಿನವೂ ಇರುತ್ತದೆ, ಬಿಸಿಲಿನಲ್ಲಿ ಮಾತ್ರ ಉಸಿರು ಕಟ್ಟಿಸುತ್ತದೆ. ಕೇದಗೆ ಚೂಪು. ತುಂಬಿದ ಬಸ್ಸಿನಲ್ಲಿ ಪಕ್ಕದವರಿಗೆ ತಲೆನೋವು ತರುತ್ತದೆ.

ನಿಮ್ಮ ಕೆಲಸ, ನಿಮ್ಮ ಹವೆ ನೋಡಿದರೆ ಬೇರು ಮತ್ತು ಮರದ ಅತ್ತರುಗಳೇ ಸರಿ: ಲಾವಂಚ ಅಥವಾ ಗಂಧ. ದೊಡ್ಡ ಸೀಸೆ ಬೇಡ, ಎರಡು-ಮೂರು ಎಂ.ಎಲ್.ನದು ಸಾಕು. ಅಂಗಡಿಯಲ್ಲಿ ಮುಚ್ಚಳ ಮೂಸಿ ತೀರ್ಮಾನಿಸಬೇಡಿ. ಕೈಗೆ ಒಂದನ್ನೇ ಹಚ್ಚಿಸಿಕೊಂಡು ಸಂತೆ ಮುಗಿಸಿ ಬನ್ನಿ, ಮೂರು ಗಂಟೆಯ ಮೇಲೂ ಹಿಡಿಸಿದರೆ ಕೊಳ್ಳಿ. ಒಂದೇ ದಿನ ನಾಲ್ಕು ಬಗೆ ಹಚ್ಚಿದರೆ ಯಾವುದೂ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮೂಗು ತನ್ನ ಪರಿಮಳಕ್ಕೆ ಒಗ್ಗಿಹೋಗುತ್ತದೆ. ನಮಗೆ ಕಾಣುತ್ತಿಲ್ಲವೆಂದು ಮತ್ತೆ ಮತ್ತೆ ಹಚ್ಚಿಕೊಳ್ಳುತ್ತೇವೆ, ಸುತ್ತಲಿನವರಿಗೆ ಅದು ವಿಪರೀತವಾಗುತ್ತದೆ. ನಿಮ್ಮ ಮನೆಯವರು ಕಿಟಕಿ ತೆಗೆಯುವುದಕ್ಕೆ ಕಾರಣ ಇದೂ ಇರಬಹುದು.

ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಅತ್ತರು ಬೇಡವೇ ಬೇಡ. ಕೆಲಸ ಮುಗಿದು, ಸಂಜೆ ಸ್ನಾನವಾದ ಮೇಲೆ ಹಚ್ಚಿಕೊಳ್ಳಿ. ಸೋಪಿನ ನೊರೆ ಚೆನ್ನಾಗಿ ಹೋಗಲಿ. ಮೈ ಇನ್ನೂ ತುಸು ತೇವವಿರುವಾಗ ವಾಸನೆಯಿಲ್ಲದ ಕ್ರೀಮು ಅಥವಾ ಚೂರು ವ್ಯಾಸಲೀನ್ ಸವರಿ, ಅದರ ಮೇಲೆ ಒಂದು ಹನಿ. ಕಿವಿಯ ಹಿಂದೆ, ಮೊಣಕೈ ಮಡಿಕೆ, ಕತ್ತಿನ ಹಿಂಭಾಗ ಸಾಕು. ಕಂಕುಳಿಗೆ ಎಂದೂ ಹಚ್ಚಬೇಡಿ. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುವ ಅಭ್ಯಾಸವನ್ನೂ ಬಿಡಿ. ಚೊಗರು ಕೈಯನ್ನು ಕಪ್ಪು ಮಾಡಿದರೆ ಅದನ್ನು ಅತ್ತರಿನಿಂದ ಮುಚ್ಚಲು ಹೋಗಬೇಡಿ, ಎರಡೂ ಕೂಡಿ ಮೂರನೆಯ ವಾಸನೆಯಾಗುತ್ತದೆ. ಆ ಕೈ ಮನೆಗೆ ಅನ್ನ ತರುವ ಕೈ. ಅದನ್ನು ಬಚ್ಚಿಡಬೇಕಾದ ಕಾರಣವೇ ಇಲ್ಲ.

ಹೊನ್ನಾಳಿಯ ಮದುವೆಗೆ ಗಂಧದ ಅತ್ತರು ಹಚ್ಚಿಕೊಳ್ಳಿ. ಮುಡಿಯಲ್ಲಿ ನಿಜವಾದ ಮಲ್ಲಿಗೆ ಇರುತ್ತದೆ, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ. ಅವುಗಳ ಜೊತೆ ಸೀಸೆಯ ಮಲ್ಲಿಗೆ ಜಗಳ ಮಾಡುತ್ತದೆ, ಗಂಧ ಹೊಂದಿಕೊಳ್ಳುತ್ತದೆ. ರೇಷ್ಮೆಗೆ ತಾಗಿಸಬೇಡಿ, ಎಣ್ಣೆಯ ಕಲೆ ಹೋಗುವುದಿಲ್ಲ. ಹತ್ತಿಯ ಚಿಕ್ಕ ಉಂಡೆಗೆ ಅದ್ದಿ ಕಿವಿಯ ಮೇಲಿನ ಮಡಿಕೆಯಲ್ಲಿ ಇಟ್ಟುಕೊಳ್ಳುವ ಹಳೆಯ ಪದ್ಧತಿ ಇದೆ. ಮೈಗೂ ಬಟ್ಟೆಗೂ ತೊಂದರೆಯಿಲ್ಲ, ಹಚ್ಚಿಕೊಂಡ ಅತ್ತರಿಗೆ ಬೆವರು ಬೆರೆಯುವ ಭಯವೂ ಇಲ್ಲ.

ಕೆಲವು ಎಚ್ಚರಿಕೆಗಳು. ಯಾವುದೇ ಹೊಸ ಅತ್ತರನ್ನು ಮೊದಲು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಕೈಬಿಡಿ. ದಾಲ್ಚಿನ್ನಿ, ಲವಂಗದ ಅಂಶವಿರುವವು ಕೆಲವರಿಗೆ ಉರಿ ತರುತ್ತವೆ. ನಿಂಬೆ ಜಾತಿಯ ಕೆಲವು ಎಣ್ಣೆಗಳನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಕಪ್ಪಾಗಬಹುದು. ಮನೆಯಲ್ಲಿ ಉಬ್ಬಸದವರು, ಎಳೆಮಕ್ಕಳು ಇದ್ದರೆ ಬಹಳ ಹಗುರವಾಗಿ ಬಳಸಿ. ಸೀಸೆ ಮಕ್ಕಳ ಕೈಗೆ ಸಿಗದಿರಲಿ, ಬಿಸಿಲಿಗೂ ಬೀಳದಿರಲಿ. ಅತ್ತರು ಹಚ್ಚದ ದಿನವೂ, ಸ್ನಾನ ಮಾಡಿದ ಮೇಲೂ ಮೈವಾಸನೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಅಥವಾ ಬೆವರು ವಿಪರೀತವಾಗಿದ್ದರೆ ಒಮ್ಮೆ ವೈದ್ಯರನ್ನು ಕಾಣಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣವೇನೂ ನನಗೆ ಕಾಣಲಿಲ್ಲ.

ಅತ್ತೆಯವರ ಮಾತಿಗೆ ಎದುರಾಡಬೇಡಿ. ಆದರೆ ಪರಿಮಳ ನಮ್ಮ ನಾಡಿನ ರೂಢಿಯೇ ಎಂಬುದು ನಿಮ್ಮ ಮನಸ್ಸಿಗೆ ಗೊತ್ತಿರಲಿ. ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ನೀರಿನ ಸೆಲೆ, ಗಿಡಮರಗಳ ಆರೈಕೆಯ ಜೊತೆಗೆ ಸುಗಂಧ ಕೂಡಿಸುವ ವಿದ್ಯೆಗೂ ಜಾಗವಿದೆ. ಜನರ ದಿನಬಳಕೆಗೆಂದೇ ಬರೆದ ಪುಸ್ತಕ ಅದು. ಮೈಸೂರಿನಲ್ಲಿ 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು, 1944ರಲ್ಲಿ ಶಿವಮೊಗ್ಗದಲ್ಲೂ ಒಂದು ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ನಿಮ್ಮ ಚನ್ನಗಿರಿಯೂ ಹೊನ್ನಾಳಿಯೂ ಇದ್ದದ್ದು ಅದೇ ಶಿವಮೊಗ್ಗ ಜಿಲ್ಲೆಯಲ್ಲಿ. ಅತ್ತೆಯವರ ದೇವರ ಮನೆಯಲ್ಲಿ ಗಂಧದ ಕೊರಡು ಇದ್ದೇ ಇರುತ್ತದೆ. ಗಂಧದ ಅತ್ತರನ್ನು ಅವರ ಮುಂಗೈಗೂ ಒಂದು ಹನಿ ಹಚ್ಚಿ ನೋಡಿ. ಹಿರಿಯರ ಬಿಗುವು ಎಷ್ಟೋ ಸಲ ತಮ್ಮನ್ನು ಯಾರೂ ಸೇರಿಸಿಕೊಳ್ಳಲಿಲ್ಲ ಎಂಬ ನೋವಿನದು.

ನಾದಿನಿ ಹುಡುಗಿ, ತಮಾಷೆಗೆ ಅಂದಿರುತ್ತಾಳೆ. ಆ ಮಾತು ಚುಚ್ಚುತ್ತದೆ ಎಂದು ಅವಳಿಗೆ ಒಮ್ಮೆ ಹೇಳಿಬಿಡಿ, ಇಲ್ಲದಿದ್ದರೆ ಅವಳಿಗೆ ಗೊತ್ತಾಗುವುದಾದರೂ ಹೇಗೆ? ನಿಮ್ಮ ಮನೆಯವರ ಮೌನ ನಿಮ್ಮನ್ನು ಹೆಚ್ಚು ನೋಯಿಸಿದೆ ಎಂದು ನನಗೆ ಅನ್ನಿಸುತ್ತದೆ. ಕಿಟಕಿ ತೆಗೆದದ್ದಕ್ಕೆ ನೀವು ಒಂದು ಅರ್ಥ ಕಟ್ಟಿಕೊಂಡಿದ್ದೀರಿ, ಅವರ ಮನಸ್ಸಿನಲ್ಲಿದ್ದದ್ದು ಬೇರೆಯೇ ಇರಬಹುದು. "ಮಲ್ಲಿಗೆ ಅತ್ತರು ನನಗೆ ಒಗ್ಗಲಿಲ್ಲ, ಲಾವಂಚವೋ ಗಂಧವೋ ತರಬೇಕು ಅಂತಿದ್ದೀನಿ. ನಿಮಗೆ ಯಾವುದು ಹಿಡಿಸುತ್ತೆ?" ಎಂದು ಬಾಯಿಬಿಟ್ಟು ಕೇಳಿ. ಮದುವೆಗೆ ಮುಂಚೆ ಬರುವ ಸಂತೆಯ ದಿನ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವರಿಗೆ ಇಷ್ಟವಾದದ್ದನ್ನೂ ಕೇಳಿಸಿಕೊಳ್ಳಿ, ಆದರೆ ಸೀಸೆಯನ್ನು ಆರಿಸುವವರು ನೀವೇ ಆಗಿರಿ.