ನಡುಪುಟಕ್ಕೆ ಚಿತ್ರ ಆರಿಸುವ ಮುನ್ನ

ಕಾಲೇಜಿನ ವಾರ್ಷಿಕ ಸಂಚಿಕೆಯ ನಡುಪುಟಗಳ ಹೊಣೆ ಈ ಸಲ ನಿನ್ನ ಹೆಗಲಿಗೆ ಬಿದ್ದಿದೆಯಂತೆ, ಸಂತೋಷ. ಒಂದು ಮಾತು ಕೇಳು: ಫೋನಿನ ಪರದೆಯ ಮೇಲೆ ಬೆರಳಾಡಿಸುತ್ತ ಚಿತ್ರ ಆರಿಸಬೇಡ. ಅಲ್ಲಿ ಎಲ್ಲವೂ ಚೆಂದವೇ. ಪರದೆಯ ಬೆಳಕಿನಲ್ಲಿ ಚೆನ್ನಾಗಿ ಕಂಡ ಮುಖ ಕಾಗದಕ್ಕೆ ಇಳಿದಾಗ ಕಪ್ಪಾಗಿಬಿಡುತ್ತದೆ. ಸಣ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಮೇಜಿನ ತುಂಬ ಹರಡಿ, ನಿಂತುಕೊಂಡು ನೋಡು.

ಆಗಲೂ ಒಂದು ತೊಡಕಿದೆ. ಚಿತ್ರ ತೆಗೆದ ದಿನ ನೀನು ಅಲ್ಲಿದ್ದೆ. ಕಬಡ್ಡಿ ಫೈನಲ್‌ನ ಕೊನೆಯ ರೈಡ್, ಧೂಳು, ಕೂಗು ಎಲ್ಲ ನಿನ್ನ ನೆನಪಿನಲ್ಲಿದೆ. ಚಿತ್ರದಲ್ಲಿ ಇಲ್ಲದಿದ್ದರೂ ನಿನಗೆ ಕಾಣುತ್ತದೆ. ಓದುಗರಿಗೆ ಕಾಣುವುದು ನಾಲ್ಕು ಬೆನ್ನು, ಒಂದು ದೀಪದ ಕಂಬ. ಅದಕ್ಕೇ ಆವತ್ತು ಅಲ್ಲಿರದ ಒಬ್ಬರನ್ನು ಕರೆದು, ಏನನ್ನೂ ವಿವರಿಸದೆ ಚಿತ್ರಗಳನ್ನು ಮುಂದಿಡು. ಅವರು ಯಾವುದರ ಮೇಲೆ ತಡೆದು ನಿಲ್ಲುತ್ತಾರೆ ಎಂಬುದನ್ನಷ್ಟೇ ಗಮನಿಸು. ತೆಗೆದವರ ಹೆಸರನ್ನೂ ಅಲ್ಲಿಯವರೆಗೆ ಮುಚ್ಚಿಡು. ಗೆಳೆಯ ಮರ ಹತ್ತಿ ತೆಗೆದನೆಂಬ ಮಮತೆಯಿಂದ ಎಷ್ಟೋ ಮಂಕು ಚಿತ್ರಗಳು ಪುಟ ಸೇರಿವೆ.

ಬಿಡಲು ಮನಸ್ಸಾಗದಿದ್ದರೆ ಛಾಯಾಗ್ರಾಹಕ ರಾಬರ್ಟ್ ಫ್ರ್ಯಾಂಕ್‌ನನ್ನು ನೆನೆದುಕೋ. 1955ರಲ್ಲಿ ಅಮೆರಿಕ ಸುತ್ತಲು ಹೊರಟ ಆತ ತೆಗೆದದ್ದು ಸುಮಾರು 27,000 ಚಿತ್ರ. ಆ ಸುತ್ತಾಟದ ಪುಸ್ತಕಕ್ಕೆ ಉಳಿಸಿಕೊಂಡದ್ದು 83. ನಿನ್ನ ಎರಡು ಪುಟಕ್ಕೆ ಐದಾರು ಧಾರಾಳವಾಯಿತು.

ಆ ಐದಾರೂ ಒಂದೇ ದೂರದಿಂದ ತೆಗೆದವಾಗಿರಬಾರದು. ಇಡೀ ಮೈದಾನ ಕಾಣುವುದೊಂದು, ಇಬ್ಬರು ಮಾತಾಡುವುದೊಂದು, ಗೆಜ್ಜೆ ಕಟ್ಟಿಕೊಳ್ಳುವ ಕೈಗಳದ್ದೊಂದು ಇರಲಿ. ಒಂದನ್ನು ಧೈರ್ಯವಾಗಿ ದೊಡ್ಡದು ಮಾಡಿ ಉಳಿದವನ್ನು ಚಿಕ್ಕದಾಗಿಡು. ಎಲ್ಲಕ್ಕೂ ಸಮಪಾಲು ಹಂಚಿದರೆ ಯಾವುದೂ ಕಣ್ಣಿಗೆ ಹಿಡಿಯುವುದಿಲ್ಲ. ಎರಡು ಪುಟಕ್ಕೂ ಚಾಚಿದ ಚಿತ್ರದಲ್ಲಿ ನಡುಮಡಿಕೆಗೆ ಯಾರ ಮುಖವೂ ಸಿಕ್ಕದಂತೆ ನೋಡು. ಹೊಲಿಗೆಯೊಳಗೆ ಹೋದ ಮೂಗು ಮತ್ತೆ ಬರುವುದಿಲ್ಲ.

ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ಎ4 ಪುಟ ತುಂಬಲು 2480 ಗುಣಿಸು 3508. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದದ್ದನ್ನು ನಂಬದೆ ಮೂಲ ಕಡತವನ್ನೇ ತರಿಸಿಕೋ.

ಇನ್ನು ದೀಪ ಬೆಳಗುವ ಅತಿಥಿಗಳ ಚಿತ್ರ. ಹಾಕಬೇಕು, ಮರ್ಯಾದೆ. ಆದರೆ ಚಿಕ್ಕದೊಂದು ಸಾಕು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಗಣ್ಯರ ಚಿತ್ರಗಳನ್ನೂ ತೆಗೆದವರೇ. ಆದರೂ ಅವರ ಹೆಸರು ಕೇಳಿದರೆ ಮನಸ್ಸಿಗೆ ಬರುವುದು ಮಕ್ಕಳು, ಸಾಮಾನ್ಯ ಜನ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ನಿಮ್ಮಲ್ಲೂ ವೇದಿಕೆಯ ಹಿಂದೆ ಮಾತು ಬಾಯಿಪಾಠ ಮಾಡುತ್ತಿದ್ದ ಹುಡುಗಿ, ಕುರ್ಚಿ ಹೊತ್ತ ಅಟೆಂಡರ್ ಇದ್ದಾರಲ್ಲ, ಅವರನ್ನು ಹುಡುಕು.

ಬಾಯಿ ತೆರೆದು ನಿದ್ದೆ ಹೋದವನ ಚಿತ್ರ ನಿಮಗೆಲ್ಲ ನಗು ತರಿಸಬಹುದು. ಹಾಕುವ ಮುಂಚೆ ಅವನನ್ನೇ ಕೇಳು. ಬೇಡವೆಂದರೆ ಅಲ್ಲಿಗೆ ಬಿಡು. ಹಾಕಿದ ಪ್ರತಿ ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಹೆಸರು ಬರೆ, ಅಟೆಂಡರ್ ಹೆಸರೂ ಸೇರಿ. ಉಳಿದ ಚಿತ್ರಗಳನ್ನು ಅಳಿಸದೆ, ದಿನಾಂಕ ನಮೂದಿಸಿ ಗ್ರಂಥಾಲಯಕ್ಕೆ ಒಪ್ಪಿಸು.