ಕೊಟ್ಟಿಗೆ ಪಕ್ಕದ ಜೀಪನ್ನು ರಸ್ತೆಗಿಳಿಸಲು 7 ಸೂತ್ರಗಳು

ಅಜ್ಜನ ಕಾಲದ ಮಹೀಂದ್ರ ಜೀಪು ಕೊಟ್ಟಿಗೆ ಪಕ್ಕದಲ್ಲಿ ತುಕ್ಕು ಹಿಡಿದು ನಿಂತಿದೆ. ಮನೆಯಲ್ಲೇ ರೆಡಿ ಮಾಡುತ್ತೇನೆ ಎಂದು ಹೊರಟಿದ್ದೀರಿ. "ಗುಜರಿಗೆ ಹಾಕಪ್ಪ, ಸುಮ್ನೆ ದುಡ್ಡು ದಂಡ" ಎನ್ನುವ ದೊಡ್ಡಪ್ಪ ಬಂದೇ ಬರುತ್ತಾರೆ. ಬರಲಿ. ನೀವು ಬಾನೆಟ್ ಎತ್ತಿ. ಇಲ್ಲಿ ಕಲಿಯುವ ಪಾಠ ಪರೀಕ್ಷೆಗೂ ಆಫೀಸಿಗೂ ಆಗುತ್ತದೆ.

1. ಪಾನಾ ಹಿಡಿಯುವ ಮೊದಲು ಪೇಪರ್ ನೋಡಿ.
ಆರ್‌ಸಿಯಲ್ಲಿರುವ ಚೇಸಿಸ್ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ತಾಳೆ ನೋಡಿ. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು, ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಸಿಲಬಸ್ ನೋಡದೆ ಓದಲು ಕೂತವರ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

2. ಬಿಚ್ಚಿದ್ದಕ್ಕೆಲ್ಲ ಗುರುತು ಹಾಕಿ.
ಮೊದಲು ಫೋಟೊ ತೆಗೆಯಿರಿ, ಆಮೇಲೆ ಬಿಚ್ಚಿ. ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಈ ಜೀಪಿನ ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ಎರಡು ಪ್ಲಗ್ ವೈರ್ ಅದಲುಬದಲಾದರೂ ಎಂಜಿನ್ ಕೆಮ್ಮುತ್ತದೆ, ಓಡುವುದಿಲ್ಲ. ನೆನಪನ್ನು ನಂಬಬೇಡಿ, ನೋಟ್ಸ್ ನಂಬಿ.

3. ಜಾಮ್ ಆಗಿದ್ದರೆ ಟೈಮ್ ಕೊಡಿ.
ಎಂಜಿನ್ ತಿರುಗುತ್ತಿಲ್ಲವೇ? ಪ್ಲಗ್ ಬಿಚ್ಚಿ, ಸಿಲಿಂಡರ್‌ಗಳಿಗೆ ಡೀಸೆಲ್ ಬೆರೆಸಿದ ಆಯಿಲ್ ಬಿಡಿ. ನಾಲ್ಕು ದಿನ ಅದರ ಪಾಡಿಗೆ ಬಿಟ್ಟು, ಪ್ಲಗ್ ಹಾಕದೆಯೇ ಹ್ಯಾಂಡಲ್‌ನಿಂದ ಮೆಲ್ಲಗೆ ತಿರುಗಿಸಿ ನೋಡಿ. ಅವಸರಪಟ್ಟು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ರಿಂಗ್ ಮುರಿದೀತು. ಕಾಯುವುದೂ ಕೆಲಸವೇ.

4. ನಟ್ ಬಿಡದಿದ್ದರೆ ದಿಕ್ಕು ನೋಡಿ.
ಎಡಗಡೆ ಚಕ್ರದ ನಟ್. ವೀಲ್ ಪಾನಾಕ್ಕೆ ಉದ್ದನೆಯ ಪೈಪ್ ಸಿಕ್ಕಿಸಿದಿರಿ, ಅದರ ಮೇಲೆ ಹತ್ತಿ ನಿಂತಿರಿ, ಕುಣಿದಿರಿ. ಊಹೂಂ. ಈಗ ಕೆಳಗಿಳಿದು ಸ್ಟಡ್ ತುದಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ. 'ಎಲ್' ಎಂಬ ಗುರುತು ಕಂಡಿತೇ? ಮಹೀಂದ್ರ ಜೀಪಿಗೆ ಮೂಲವಾದ ಹಳೇ ವಿಲ್ಲಿಸ್ ಮಾದರಿಗಳಲ್ಲಿ ಎಡಚಕ್ರಕ್ಕೆ ಉಲ್ಟಾ ಥ್ರೆಡ್ ಇರುವುದುಂಟು. ಇಷ್ಟು ಹೊತ್ತು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಿದ್ದಿರಿ! ಎರಡು ಸಲ ಫೇಲಾದ ವಿಧಾನವನ್ನು ಮೂರನೇ ಸಲ ಇನ್ನೂ ಜೋರಾಗಿ ಮಾಡಬೇಡಿ. ಛಲ ಗುರಿಯಲ್ಲಿರಲಿ, ದಾರಿಯಲ್ಲಿ ಬೇಡ.

5. ಸ್ಟಾರ್ಟ್ ಆಗದಿದ್ದರೆ ಮೂರೇ ಪ್ರಶ್ನೆ ಕೇಳಿ.
ಕರೆಂಟ್ ಬರುತ್ತಿದೆಯೇ? ಪೆಟ್ರೋಲ್ ಬರುತ್ತಿದೆಯೇ? ಕಂಪ್ರೆಷನ್ ಇದೆಯೇ? ಒಂದೊಂದಾಗಿ ನೋಡಿ. ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್ ಆಸುಪಾಸಿನದು. ಆ ಸಂದಿ ಮುಚ್ಚಿಕೊಂಡರೆ ಇಡೀ ಜೀಪು ಸತ್ತಂತೆ. "ನನ್ನ ಹಣೆಬರಹವೇ ಇಷ್ಟು" ಎನ್ನುವುದು ಕೆಟ್ಟ ಅಭ್ಯಾಸ. ಫೀಲರ್ ಗೇಜ್ ಹಾಕಿ ಅಳೆಯಿರಿ.

6. ಗೊತ್ತಿದ್ದವರನ್ನು ಕೇಳಿ.
ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವಂಥದ್ದಲ್ಲ. ಅದಕ್ಕೆಂದೇ ಇರುವ ವರ್ಕ್‌ಶಾಪ್‌ಗೆ ಕೊಡಿ. ವಿಲ್ಲಿಸ್ 1953ರಲ್ಲಿ ತಂದ ಸಿಜೆ-3ಬಿ ಮಾದರಿಯನ್ನು ಮಹೀಂದ್ರ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು, ಹಾಗಾಗಿ ಸ್ಪೇರ್ಸ್ ಹುಡುಕಿದರೆ ಸಿಗುತ್ತವೆ. ಅವನ್ನು ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಪಾರ್ಟ್ ಕೈಯಲ್ಲಿರಲಿ. ಊರಿನ ಹಳೇ ಮೆಕ್ಯಾನಿಕ್ ಹತ್ತಿರ "ಅಣ್ಣಾ, ಸ್ವಲ್ಪ ಹೇಳಿಕೊಡಿ" ಎನ್ನಿ. ಕೇಳಿದವನು ಒಂದು ದಿನ ದಡ್ಡ, ಕೇಳದವನು ವರ್ಷವಿಡೀ ದಡ್ಡ.

7. ಬ್ರೇಕ್ ಮೊದಲು, ಪೇಂಟ್ ಕೊನೆಗೆ.
ಒಂದು ಸಂಜೆಗೆ ಒಂದೇ ಕೆಲಸ ಇಟ್ಟುಕೊಳ್ಳಿ. ಪಟ್ಟಿಯನ್ನು ಗೋಡೆಗೆ ಅಂಟಿಸಿ, ಮುಗಿದದ್ದನ್ನು ಹೊಡೆದುಹಾಕಿ. ಹೊಳೆಯುವ ಕೆಲಸದ ಆಸೆಗೆ ಬೀಳಬೇಡಿ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಬ್ರೇಕ್ ಪೈಪ್ ಎಲ್ಲ ಸರಿಯಾಗುವ ತನಕ ಗಾಡಿ ಗೇಟು ದಾಟಬಾರದು. ಬುನಾದಿ ಗಟ್ಟಿಯಾದ ಮೇಲೆ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು.

ಜೀಪು ಸ್ಟಾರ್ಟ್ ಆದ ದಿನ ಆ ದೊಡ್ಡಪ್ಪನನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ವಾದ ಮಾಡಬೇಡಿ. ಇಳಿಜಾರಿನಲ್ಲಿ ಒಮ್ಮೆ ಬ್ರೇಕ್ ಒತ್ತಿ ತೋರಿಸಿ, ಸಾಕು.