ನಿಶ್ಚಯವೂ ಸಂದೇಹವೂ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಕೊಳವೆ ಬಾವಿ ಕೊರೆಸುವದಕ್ಕೆ ಮುಂಚೆ ನೀರು ನೋಡುವವನನ್ನು ಕರೆಸುವ ವಾಡಿಕೆಯನ್ನು ನಾವು ಬಲ್ಲೆವು. ಅವನು ಸುಲಿದ ತೆಂಗಿನಕಾಯಿಯನ್ನು ಅಂಗೈಯ ಮೇಲೆ ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಾನೆ. ಒಂದು ಸ್ಥಳದಲ್ಲಿ ಕಾಯಿಯು ಜುಟ್ಟು ಮೇಲಾಗಿ ಎದ್ದು ನಿಲ್ಲುತ್ತದೆ. “ಇಲ್ಲಿಯೇ ನೀರುಂಟು” ಅನ್ನುತ್ತಾನೆ. ಒಣಗುತ್ತಿರುವ ಮರಗಳನ್ನು ನೋಡಿ ನೋಡಿ ಸೋತ ಯಜಮಾನನು ಆ ಮಾತಿನ ಮೇಲೆ ಸಾಲ ತರುತ್ತಾನೆ.

ನೀರು ನೋಡುವವರೆಲ್ಲರನ್ನೂ ಮೋಸಗಾರರೆನ್ನಬಾರದು. ಅವರಲ್ಲಿ ಅನೇಕರು ತಮ್ಮ ಕಾಯಿಯನ್ನು ಮನಃಪೂರ್ವಕವಾಗಿ ನಂಬುತ್ತಾರೆ. ಮನಸ್ಸು ಒಂದನ್ನು ಎದುರುನೋಡುವಾಗ ಕೈಯು ಅರಿವಿಲ್ಲದೆಯೇ ಅಲ್ಪವಾಗಿ ಚಲಿಸುವದೆಂದು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ ಎಂಬ ಪಂಡಿತನು 1852ರಲ್ಲಿಯೇ ವಿವರಿಸಿದನು. ಆದಕಾರಣ ಕಾಯಿ ಎದ್ದದ್ದು ನಿಜವೇ. ಅದನ್ನು ಎಬ್ಬಿಸಿದ್ದು ನೀರೆಂಬದು ಬೇರೆ ಮಾತು. ಕಣ್ಣು ಕಂಡದ್ದಕ್ಕೂ ಮನಸ್ಸು ಅದಕ್ಕೆ ಕೂಡಿಸಿದ್ದಕ್ಕೂ ಒಂದೇ ನಿಶ್ಚಯವನ್ನು ಕೊಡುವದು ನಮ್ಮೆಲ್ಲರ ಸ್ವಭಾವ.

“ಹಾಗಾದರೆ ನೀರು ಬಿದ್ದದ್ದು ಹೇಗೆ?” ಎಂದು ಕೇಳುವಿರಿ. ನಮ್ಮ ಸೀಮೆಯ ನೆಲದೊಳಗೆ ನೀರು ಹೊಳೆಯಂತೆ ಹರಿಯುವದಿಲ್ಲ. ಮೇಲಿನ ಶಿಥಿಲವಾದ ಕಲ್ಲಿನಲ್ಲಿಯೂ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿಯೂ ಸೇರಿಕೊಂಡಿರುತ್ತದೆ. ಬಿರುಕುಗಳು ಹಲವು ಕಡೆಯಿರುವದರಿಂದ ಕಾಯಿಯಿಲ್ಲದೆ ಕೊರೆದರೂ ಕೆಲವು ಸಾರಿ ನೀರು ಸಿಕ್ಕುವದು. ನೀರು ಬಿದ್ದ ಬಾವಿಯ ಸುದ್ದಿ ಸಂತೆಯವರೆಗೂ ಹೋಗುತ್ತದೆ. ಬರೀ ಧೂಳೆದ್ದ ಬಾವಿಯ ಸುದ್ದಿಯೋ ಸಾಲ ಹೊತ್ತವನ ಹೊಸಿಲನ್ನು ದಾಟುವದಿಲ್ಲ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟವನು ತಾನು ಧನಿಕನೆಂದು ತಿಳಿದರೆ ಆಶ್ಚರ್ಯವೇನು?

ಜರ್ಮನಿಯ ಮ್ಯೂನಿಕ್ ಪಟ್ಟಣದ ಬಳಿ 1987-88ರಲ್ಲಿ ಎರಡೂ ಬಗೆಯ ಲೆಕ್ಕವನ್ನು ಬರೆದಿಟ್ಟರು. ಕಟ್ಟಡವೊಂದರ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸಿ, ಮೇಲಂತಸ್ತಿನಲ್ಲಿ ನಡೆಯುತ್ತಿದ್ದ ನೀರು ನೋಡುವವರಿಗೆ ಸ್ಥಳವನ್ನು ತೋರಿಸಲು ಹೇಳಿದರು. 43 ಮಂದಿ, 843 ಪರೀಕ್ಷೆಗಳು. ಅವರಲ್ಲಿ ಕೆಲವರಿಗಾದರೂ ಆ ಶಕ್ತಿಯುಂಟೆಂದು ಪರೀಕ್ಷಕರೇ ನಿಶ್ಚಯಿಸಿದರು! ಆದರೆ 1999ರಲ್ಲಿ ಎನ್‌ರೈಟ್ ಎಂಬ ವಿಜ್ಞಾನಿಯು ಅದೇ ಅಂಕಿಗಳನ್ನು ತಿರಿಗಿ ಎಣಿಸಿ, ಕಣ್ಣು ಮುಚ್ಚಿ ಬೆರಳಿಟ್ಟವರ ಫಲಕ್ಕಿಂತ ಇದು ಹೆಚ್ಚಲ್ಲವೆಂದು ತೋರಿಸಿದನು. ಕಲಿತವರ ನಿಶ್ಚಯವೂ ಎರಡನೆಯ ಸಾರಿ ಎಣಿಸಲ್ಪಡಬೇಕಾಯಿತು.

ಭೂಗರ್ಭಶಾಸ್ತ್ರವನ್ನು ಬಲ್ಲವನು ತರುವ ಯಂತ್ರವಾದರೂ ನೀರನ್ನು ಕಾಣುವದಿಲ್ಲ. ನೆಲದೊಳಗೆ ವಿದ್ಯುತ್ತಿಗಿರುವ ತಡೆಯನ್ನು ಅಳೆಯುತ್ತದೆ, ಮಿಕ್ಕದ್ದು ಊಹೆ. ಪ್ರಾಮಾಣಿಕನಾದವನು ಆ ಊಹೆ ತಪ್ಪಬಹುದೆಂದು ಕೊರೆಯುವದಕ್ಕೆ ಮುಂಚೆಯೇ ಹೇಳುವನು. ಕಾಯಿ ಹಿಡಿದವನು ನಿಮ್ಮ ತೋಟಕ್ಕೆ ಬಂದಾಗ ಮರ್ಯಾದೆಯಿಂದ ಕೂರಿಸಿ, ಮಜ್ಜಿಗೆ ಕೊಟ್ಟು, ಅವನು ತೋರಿಸಿದ ಬತ್ತಿದ ಬಾವಿಗಳು ಎಷ್ಟು, ಯಾರ ಯಾರ ತೋಟದಲ್ಲಿ ಎಂದು ಕೇಳಿರಿ.